ನಡು ಖಾಲಿ ಉಳಿದ ಹಾಳೆ

೧೯೫೩ರ ಜೂನ್ ತಿಂಗಳ ಮೊದಲ ಶುಕ್ರವಾರ, ಬೆಳಿಗ್ಗೆ ಐದೂವರೆ ಗಂಟೆ. ಕಲಬುರಗಿ ಸೀಮೆಯ ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ಅಪ್ಪ, ಅವ್ವ, ಎದುರುಮನೆಯ ಖಾಲಾ ಮತ್ತು ನಾನು. ಅಪ್ಪ ಊರಿನ ಶಾಲೆಯ ಹೆಡ್‌ಮಾಸ್ತರು. ಏನನ್ನೇ ಬರೆಯಲಿ, ಯಾವಾಗ, ಎಲ್ಲಿ, ಯಾರ ಮುಂದೆ ಎಂಬುದನ್ನು ಮೊದಲು ಬರೆದುಬಿಡಬೇಕು ಎಂದು ಕಲಿಸಿದವರು ಅವರೇ. ಇಷ್ಟು ವರ್ಷವಾದರೂ ಕೈ ಆ ಕ್ರಮವನ್ನು ಬಿಟ್ಟಿಲ್ಲ.

ಆ ದಿನ ನನ್ನ ಪಾಲಿಗೆ ಇದ್ದದ್ದು ಒಂದೇ ಕೆಲಸ. ಒಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡ ಹಾಳೆಯ ಮೇಲೆ ನೆಲಹಾಸಿನ ವಿನ್ಯಾಸವೊಂದನ್ನು ಬರೆದು, ಬಣ್ಣ ತುಂಬಿ, ಸಂಜೆಯೊಳಗೆ ಮುಗಿಸಬೇಕಿತ್ತು. ಮರುದಿನ ನಸುಕಿಗೆ ಕಲಬುರಗಿಯ ಬಸ್ಸು, ಅಲ್ಲಿಂದ ಹೈದರಾಬಾದಿಗೆ ರೈಲು. ಸೋಮವಾರ ಚಿತ್ರಕಲಾ ಶಾಲೆಯಲ್ಲಿ ಆ ಹಾಳೆಯನ್ನು ಬಿಚ್ಚಿ ತೋರಿಸಬೇಕು. ಒಪ್ಪಿಗೆಯಾದರೆ ಡಿಸೈನ್ ವಿಭಾಗದಲ್ಲಿ ಎರಡನೆಯ ವರ್ಷ. ಆಗದಿದ್ದರೆ ನನ್ನನ್ನು ಡ್ರಾಯಿಂಗ್ ಮಾಸ್ತರಕಿಯ ತರಗತಿಗೆ ಕಳಿಸಿಬಿಡುವುದೆಂದು ಶಾಲೆಯವರು ಮೊದಲೇ ಹೇಳಿದ್ದರು. ಮಾಸ್ತರಕಿ ಕೆಟ್ಟದ್ದೆಂದಲ್ಲ. ನನಗೆ ಬೇಕಾದದ್ದು ಅದಲ್ಲ, ಅಷ್ಟೇ.

ಬೇಸಿಗೆಯ ರಜೆಯಲ್ಲೂ ಅಪ್ಪನ ವೇಳಾಪಟ್ಟಿಗೆ ರಜೆ ಇರಲಿಲ್ಲ. ಕೈಗಂಟೆಯೊಂದನ್ನು ಶಾಲೆಯಿಂದ ಮನೆಗೆ ತಂದಿಟ್ಟುಕೊಂಡು ಏಳುವ ಗಂಟೆ, ಸ್ನಾನದ ಗಂಟೆ, ಓದುವ ಗಂಟೆ, ಊಟದ ಗಂಟೆ ಎಂದು ಬಾರಿಸುತ್ತಿದ್ದರು. ನಸುಕಿನ ನಿದ್ದೆಯಲ್ಲಿ ಆ ನಾದ ನೀರಿನ ತಳದಿಂದ ಎದ್ದು ಬಂದಂತೆ ಕೇಳುತ್ತಿತ್ತು. ನಾನು ಮೇಲೆ ಬರುತ್ತಿದ್ದೇನೋ, ನಾದವೇ ಕೆಳಗಿಳಿದು ನನ್ನನ್ನು ಕರೆಯುತ್ತಿದೆಯೋ ತಿಳಿಯುತ್ತಿರಲಿಲ್ಲ.

"ಏಳ್ ನನ್ನವ್ವ, ನಿಮ್ಮಪ್ಪಂದು ಎರಡನೇ ಗಂಟಿ ಆತು," ಎಂದಳು ಅವ್ವ. "ನಮ್ಮ ಎಮ್ಮಿಗೂ ರೂಢಿ ಆಗ್ಯದ. ಗಂಟಿ ಹೊಡೀದಿದ್ರ ಹಾಲ ಇಳಸಂಗಿಲ್ಲ ಅದು."

"ಎಮ್ಮಿಗಿ ಗೊತ್ತಾಗ್ಯದ, ನಿನಗಿನ್ನೂ ಆಗಿಲ್ಲ," ಎಂದರು ಅಪ್ಪ, ಗಂಟೆಯನ್ನು ಗೋಡೆಯ ಮಾಡದಲ್ಲಿ ಇಡುತ್ತ.

ನಾನು ಎದ್ದು ಮುಖ ತೊಳೆದು ಪಡಸಾಲೆಗೆ ಬರುವಷ್ಟರಲ್ಲಿ ಖಾಲಾ ಆಗಲೇ ಬಂದು ಕೂತಿದ್ದರು. ಚಿಕ್ಕಮ್ಮನೆಂಬ ಅರ್ಥದಲ್ಲಿ ಓಣಿಯೆಲ್ಲ ಅವರನ್ನು ಖಾಲಾ ಎನ್ನುತ್ತಿತ್ತು. ಅವರ ಗಂಡ ದರ್ಜಿ. ಅಂಗಿ ಜಂಪರುಗಳನ್ನು ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಖಾಲಾ ಓಢಣಿಯ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಹೈದರಾಬಾದಿನ ಚಳಿಗಾಲಕ್ಕೆಂದು ಅವ್ವ ನನಗೊಂದು ಕೌದಿ ಹೊಲಿಯುತ್ತಿದ್ದಳು. ಅದಕ್ಕೆ ಖಾಲಾ ಜೊತೆ. ಅದೂ ಅಂದೇ ಮುಗಿಯಬೇಕು.

ಇವರಿಬ್ಬರು ಹೀಗೆ ಕೂತು ಹೊಲಿಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನಡುವೆ ಒಂದು ವರ್ಷ ಬಿಟ್ಟುಹೋಗಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ನಾವು ಕೆಲವು ರಾತ್ರಿ ಖಾಲಾ ಅವರ ಹಿತ್ತಲಿನ ಕೋಣೆಯಲ್ಲಿದ್ದೆವು. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಅವರು ಕೆಲವು ರಾತ್ರಿ ನಮ್ಮ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದರು. ಆಮೇಲೆ ಇಬ್ಬರೂ ತಮ್ಮ ತಮ್ಮ ಮನೆಗೆ ಹೋಗಿ, ಸೂಜಿ ಎಲ್ಲಿಟ್ಟಿದ್ದೆವೆಂದು ಹುಡುಕಿದರು. ಅದರ ಬಗ್ಗೆ ಅವರು ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ.

ಕೌದಿ ಹೊಲಿಯುವವರು ಬಟ್ಟೆಯ ಮೇಲೆಯೇ ಕೂರುತ್ತಾರೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಚೂರುಗಳನ್ನಿಟ್ಟು ಹೊಲಿಯುತ್ತ ಒಂದು ಸುತ್ತು ಬರುತ್ತಾರೆ. ಆಮೇಲೆ ಅದರ ಒಳಗೊಂದು ಸುತ್ತು, ಅದರೊಳಗೆ ಇನ್ನೊಂದು. ಸುತ್ತು ಸಣ್ಣದಾಗುತ್ತ ಬಂದಂತೆ ಕೂತವರು ಹಿಂದೆ ಸರಿಯುತ್ತಾರೆ. ಕೊನೆಗೆ ನಡುವಿನಲ್ಲಿ ಎಷ್ಟು ಜಾಗ ಉಳಿಯುತ್ತದೋ ಅಷ್ಟಕ್ಕೆ ಕೈಗೆ ಸಿಕ್ಕ ಚೂರೊಂದನ್ನು ಮುಚ್ಚಿದರೆ ಮುಗಿಯಿತು. ನಾನು ಪೆನ್ಸಿಲ್ ಹಿಡಿಯುವ ಮೊದಲೇ ಸೂಜಿ ಹಿಡಿದವಳು. ಲೋಕದಲ್ಲಿ ಯಾವ ಕೆಲಸವಾದರೂ ಅಂಚಿನಿಂದಲೇ ಶುರುವಾಗುತ್ತದೆ ಎಂದುಕೊಂಡಿದ್ದೆ.

ಹೈಸ್ಕೂಲು ಓದಲು ನನ್ನನ್ನು ಕಲಬುರಗಿಗೆ ಕಳಿಸಿದರು. ಅಲ್ಲಿನ ಬ್ರಹ್ಮಪುರದಲ್ಲಿ ದೊಡ್ಡವ್ವನ ಮನೆಯಲ್ಲಿ ನನ್ನ ವಾಸ. ಅಲ್ಲಿಯವರೆಗೆ ಉರ್ದುವಿನಲ್ಲಿ ಓದಿದ್ದ ಭೂಗೋಳವನ್ನು ಕನ್ನಡದಲ್ಲಿ ಮತ್ತೆ ಮೊದಲಿನಿಂದ ಓದಬೇಕಾಗಿ ಬಂದ ಕಾಲ ಅದು. ನದಿ ಬೆಟ್ಟಗಳು ಅವೇ, ಹೆಸರುಗಳು ಮಾತ್ರ ಬೇರೆ ಅಂಗಿ ತೊಟ್ಟು ಬಂದಿದ್ದವು. ಶಾಲೆಗೆ ಹೋಗುವ ದಾರಿಯಲ್ಲಿ ಬಟ್ಟೆ ಬಜಾರು. ಸೀರೆಗಳನ್ನು ಮಡಿಸಿ, ಅಂಚು ಮಾತ್ರ ಕಾಣುವಂತೆ ಬಾಗಿಲಲ್ಲಿ ತೂಗುಹಾಕುತ್ತಿದ್ದರು. ಬಿಸಿಲು ಏರುವ ಹೊತ್ತಿಗೆ ಆ ಅಂಚುಗಳು ಗಾಳಿಗೆ ಅಲ್ಲಾಡಿದರೆ, ಬಜಾರೆಂಬ ಬಜಾರೇ ಯಾರೋ ಹೊದ್ದು ನಡೆಯುತ್ತಿರುವ ಸೀರೆಯಂತೆ ತೋರುತ್ತಿತ್ತು. ನಾನು ನಿಂತುಬಿಡುತ್ತಿದ್ದೆ. ಅಂಗಡಿಯವರು ಕೊಳ್ಳುವವಳೆಂದು ಮೊದಮೊದಲು ಕರೆದರು, ಆಮೇಲೆ ಸುಮ್ಮನಾದರು. ಈ ಹೂವು ಈ ಎಲೆಯ ಪಕ್ಕದಲ್ಲೇ ಯಾಕೆ ಬಂತು, ಯಾರು ಹೀಗೆಂದು ನಿಶ್ಚಯಿಸಿದರು ಎಂದು ತಲೆಯಲ್ಲಿ ಒಂದೇ ಪ್ರಶ್ನೆ. ಒಂದು ದಿನ ಶಾಲೆಯ ಡ್ರಾಯಿಂಗ್ ಮಾಸ್ತರು, ಅದನ್ನು ನಿಶ್ಚಯಿಸುವವರನ್ನು ತಯಾರು ಮಾಡುವ ಶಾಲೆಯೊಂದು ಹೈದರಾಬಾದಿನಲ್ಲಿದೆ ಎಂದರು. ಅಂದಿನಿಂದ ನನಗೆ ಬೇರೆ ಯಾವುದೂ ಬೇಡವಾಯಿತು.

ಮೆಟ್ರಿಕ್ ಮುಗಿದ ಮೇಲೆ ಅಪ್ಪ ಕಲಬುರಗಿಗೆ ಬಂದು ನನ್ನ ಅರ್ಜಿ ಕಳಿಸಿದರು. ಪರೀಕ್ಷೆಗೆ ನನ್ನೊಡನೆ ಹೈದರಾಬಾದಿಗೂ ಬಂದರು. ಪರೀಕ್ಷೆಯ ಕೋಣೆಯಲ್ಲಿ ಮೇಜಿನ ಮೇಲೆ ತಾಮ್ರದ ಹೂಜಿಯಿಟ್ಟು, ಕೆಳಗೆ ಕಸೂತಿ ಬಟ್ಟೆ ಹಾಸಿದ್ದರು. ಎಲ್ಲರೂ ಹೂಜಿಯಿಂದ ಶುರು ಮಾಡಿದರು. ನಾನು ಬಟ್ಟೆಯ ಅಂಚಿನಿಂದ ಶುರು ಮಾಡಿದೆ. ಹೊತ್ತು ಮುಗಿದಾಗ ಬಟ್ಟೆ ಮಡಿಕೆ ಮಡಿಕೆಯಾಗಿ ಸಿದ್ಧವಾಗಿತ್ತು, ಹೂಜಿ ಅರ್ಧ ಬಂದಿತ್ತು. ಕೈ ಸರಿಯಾಗಿದೆ, ತಿದ್ದಿದರೆ ಆದೀತು ಎಂದು ಸೇರಿಸಿಕೊಂಡರು.

ಮೊದಲ ವರ್ಷವೆಲ್ಲ ತಿದ್ದಿದರು. ಹಾಳೆ ಕೈಗೆ ಬಂದ ಕೂಡಲೇ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು ನಡುವನ್ನು ಗುರುತು ಮಾಡಬೇಕು, ಅಲ್ಲಿಂದ ವಿನ್ಯಾಸ ಹೊರಕ್ಕೆ ಬೆಳೆಯಬೇಕು. ಇದು ಅಲ್ಲಿನ ಮೊದಲ ಪಾಠ. ನಾನು ಗೆರೆಗಳನ್ನು ತಪ್ಪದೆ ಎಳೆಯುತ್ತಿದ್ದೆ. ಎಳೆದು, ಕೈ ತನ್ನಷ್ಟಕ್ಕೆ ತಾನು ಅಂಚಿಗೆ ಹೋಗಿಬಿಡುತ್ತಿತ್ತು. ಎತ್ತರದ ಕಿಟಕಿಗಳ ಆ ಕೋಣೆಯಲ್ಲಿ, ಬಣ್ಣದ ನೀರಿನ ಬಟ್ಟಲುಗಳ ಮೇಲೆ ಬೆಳಕು ನಡುಗುವ ಮಧ್ಯಾಹ್ನಗಳಲ್ಲಿ, ನಾನು ಅಂಚಿನ ಬಳ್ಳಿಯ ಹಿಂದೆ ಹೋಗಿ ಮೂಲೆ ತಿರುಗಿ, ಮತ್ತೊಂದು ಮೂಲೆ ತಿರುಗಿ, ಎಲ್ಲಿದ್ದೇನೆಂಬುದನ್ನೇ ಮರೆಯುತ್ತಿದ್ದೆ. ಎಚ್ಚರವಾದಾಗ ನಡುವಿನಲ್ಲಿ ಸೊಟ್ಟಗೆ ಉಳಿದ ಜಾಗವೊಂದು ನನ್ನನ್ನೇ ನೋಡುತ್ತಿರುತ್ತಿತ್ತು. ಅದಕ್ಕೆ ಏನಾದರೊಂದು ತುಂಬಿ ಒಪ್ಪಿಸುತ್ತಿದ್ದೆ.

ವರ್ಷದ ಕೊನೆಗೆ ವಿಭಾಗದ ಮುಖ್ಯಸ್ಥರು ನನ್ನ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಸಿದರು. ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ಹಿರಿಯರು. ಹಾಳೆಗಳ ಸುತ್ತ ಒಂದು ಸಲ ನಡೆದು ಬಂದು, "ಕಿನಾರಾ ತೋ ಖೂಬ್ ಹೈ, ಬೀಬಿ. ಬೀಚ್ ಕಹಾಂ ಹೈ?" ಎಂದರು. ಅಂಚೇನೋ ಬಹಳ ಚೆನ್ನಾಗಿದೆ, ನಡು ಎಲ್ಲಿ? ನೆಲಹಾಸಿನ ವಿನ್ಯಾಸಕ್ಕೆ ಸಾಮಾನ್ಯವಾಗಿ ಕಾಲುಭಾಗ ಬರೆದರೆ ಸಾಕು, ಉಳಿದದ್ದನ್ನು ನೇಯುವವರು ತಿರುವಿಕೊಳ್ಳುತ್ತಾರೆ. ನನಗೆ ಮಾತ್ರ ಅವರು, ಇಡಿಯಾಗಿ, ನಿಜವಾದ ಅಳತೆಯಲ್ಲಿ ಬರೆದು ತಾ, ರಜೆ ಮುಗಿದ ದಿನ ನೋಡುತ್ತೇನೆ, ಅದರ ಮೇಲೆ ನಿನ್ನ ವಿಭಾಗ ನಿಶ್ಚಯ ಎಂದರು.

ಅಷ್ಟು ದೊಡ್ಡ ಕಾಗದ ಕಮಲಾಪುರದಲ್ಲಿ ಎಲ್ಲಿಂದ ಬರಬೇಕು? ಅಪ್ಪನೇ ದಾರಿ ಹೇಳಿದರು. ಶಾಲೆಯ ಕೋಣೆಯಲ್ಲಿ ಉರ್ದು ಪಾಠದ ಹಳೆಯ ಗೋಡೆಪಟಗಳು, ನಿಜಾಮರ ಕಾಲದ ನಕಾಶೆಗಳು ರದ್ದಿಗೆ ಬಿದ್ದಿದ್ದವು. ಅವುಗಳ ಹಿಂಬದಿ ಖಾಲಿ. ನಾಲ್ಕಾರು ಪಟಗಳನ್ನು ಹಿಟ್ಟಿನ ಅಂಟಿನಿಂದ ಜೋಡಿಸಿ ಒಂದು ಮಾಡಿದೆ. ಪಡಸಾಲೆಯ ಫರಸಿ ಕಲ್ಲಿನ ಮೇಲೆ ಹಾಸಿದರೆ ಬಾಗಿಲಿನಿಂದ ಕಂಬದವರೆಗೆ ಬಂತು. ಬೆಳಿಗ್ಗೆ ಎತ್ತಿ ಒಣಗಲು ಹಿಡಿದಾಗ ಬಿಸಿಲು ಅದರೊಳಗೆ ಹಾದು, ಹಿಂದಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ತೇಲುತ್ತಿದ್ದವು. ನಾನು ಮೊದಲು ಕಲಿತ ಅಕ್ಷರಗಳು. ಅವುಗಳ ಬೆನ್ನಿನ ಮೇಲೆ ಎಲೆ ಬರೆಯುತ್ತಿದ್ದೆ.

ಅಂಚಿಗೆ ಬಾಳೆಯ ಎಲೆ ಆರಿಸಿಕೊಂಡಿದ್ದೆ. ಊರ ಸುತ್ತ ಕೆಂಪು ಬಾಳೆಯ ತೋಟಗಳು. ಗಾಳಿಗೆ ಸೀಳಿದ ಎಲೆ, ಸೀಳಿನಲ್ಲಿ ಬೆಳಕು, ಅದರ ಪಕ್ಕದಲ್ಲಿ ಮತ್ತೊಂದು ಎಲೆ. ಒಂದರಂತೆ ಒಂದು ಸೀಳುವುದಿಲ್ಲ. ಒಂದು ತಿಂಗಳು ಅದರಲ್ಲೇ ಮುಳುಗಿದ್ದೆ. ಅಟ್ಟದ ಮೇಲೆ ಹುಲ್ಲಿನಲ್ಲಿಟ್ಟ ಕೆಂಪು ಬಾಳೆಯ ಗೊನೆ ಹಣ್ಣಾಗುತ್ತ ಮನೆಯೆಲ್ಲ ಆ ವಾಸನೆ. ನಿದ್ದೆಯಲ್ಲೂ ಎಲೆಗಳು ಮೂಲೆ ತಿರುಗುತ್ತಿದ್ದವು.

ಹಾಳೆಯ ಮೇಲೆ ಹೇಗೆ ಕೂತಿದ್ದೆ ಎಂಬುದನ್ನು ಆಗ ನಾನು ಯೋಚಿಸಿಯೂ ಇರಲಿಲ್ಲ. ಅವ್ವನಂತೆಯೇ ನಡುವಿನಲ್ಲಿ ಕೂತಿದ್ದೆ.

ಆ ಶುಕ್ರವಾರವೂ ಹಾಗೇ ಕೂತು ನಾಲ್ಕನೆಯ ಸುತ್ತು ತುಂಬುತ್ತಿದ್ದೆ. ಮಗ್ಗುಲಲ್ಲಿ ಕೌದಿಯ ಮೇಲೆ ಅವ್ವ ಮತ್ತು ಖಾಲಾ.

"ಭಾಬಿ, ಹುಡುಗಿ ಕಾಗದದ ಮ್ಯಾಲ ಕುಂತು ತಪಸ್ಸು ಮಾಡಾಕತ್ತದ ನೋಡು," ಎಂದರು ಖಾಲಾ.

"ತಪಸ್ಸು ಮಾಡಿದೋರಿಗಿ ದೇವ್ರು ಬರ್ತಾನ. ಇಕಿಗಿ ಬರೇ ಇರುವಿ ಬಂದಾವ," ಎಂದಳು ಅವ್ವ. ನಿಜವೇ. ಹಿಟ್ಟಿನ ಅಂಟಿಗೆ ಇರುವೆ ಬಂದಿದ್ದವು.

"ನಮ್ಮ ಮನ್ಯಾಗಿನ ಮಷೀನು ಹೊತ್ತು ಮುಳುಗೂದ್ರಾಗ ಸಂತಿಗೆ ಆಗೋವಷ್ಟು ಅಂಗಿ ಹೊಲೀತದ. ನೀ ತಿಂಗಳಾತು ಬೇಟಾ, ಒಂದ ಕಾಗದ ಹೊಲ್ಯಾಕತ್ತಿ."

"ಇದು ಹೊಲ್ಯೂದಲ್ಲ ಖಾಲಾ, ಡಿಸೈನು."

"ಹೌ, ಡಿಸೈನು. ನಮ್ಮವರೂ ಅಂಗಿ ಸೊಟ್ಟ ಕತ್ತರಿಸಿದ್ರ ಗಿರಾಕಿಗಿ ಹಂಗೇ ಅಂತಾರ. ಡಿಸೈನ್ ಹೈ ಸಾಬ್, ಅಂತ."

ಅವ್ವ ನಕ್ಕದ್ದಕ್ಕೆ ಸೂಜಿ ಬೆರಳಿಗೆ ಚುಚ್ಚಿತು. ಒಳಗಿನಿಂದ ಅಪ್ಪ, "ಮಾತು ಕಡಿಮಿ, ಕೆಲಸ ಹೆಚ್ಚು," ಎಂದರು. ಇಬ್ಬರು ಹೆಂಗಸರೂ ಹಾಜರಿ ಹೇಳುವ ಮಕ್ಕಳಂತೆ ಒಟ್ಟಿಗೆ, "ಹೂಂ ರೀ ಸರ್," ಎಂದರು.

ಮಧ್ಯಾಹ್ನವಾಗುತ್ತ ಬಂತು. ಸೆಕೆ ಗೋಡೆಗಳಿಂದ ಹೊರಗೆ ಬರುವ ಹೊತ್ತು. ಮಾಳಿಗೆಯ ಗವಾಕ್ಷಿಯಿಂದ ಬಿದ್ದ ಬೆಳಕಿನ ಕಂಬವೊಂದು ಪಡಸಾಲೆಯನ್ನು ದಾಟಿ ನನ್ನ ಹಾಳೆಯ ಮೇಲೆ ಬಂದು ಎಲೆಗಳ ನಡುವೆ ನಿಧಾನ ಸರಿಯುತ್ತಿತ್ತು. ಕುಂಚ ಅದರ ಹಿಂದೆ ಹೋಗುತ್ತಿತ್ತು. ದೂರದಲ್ಲಿ ಬಾವಿಯ ಗಾಲಿಯ ಕಿರುಗುಟ್ಟುವ ಸದ್ದು ಕೇಳಿ ಕೇಳಿ, ಅದು ನನ್ನ ಕೈಯಿಂದಲೇ ಬರುತ್ತಿದೆ ಎಂದು ಒಮ್ಮೊಮ್ಮೆ ಅನ್ನಿಸಿತು.

ಕೌದಿ ಮೊದಲು ಮುಗಿಯಿತು. ನಡುವಿನಲ್ಲಿ ಅಂಗೈಯಗಲ ಜಾಗ ಉಳಿದಿತ್ತು. ಅವ್ವ ಎದ್ದು ಅಡುಗೆಮನೆಗೆ ಹೋಗಿ ಜೋಳದ ರೊಟ್ಟಿಯ ಒಂದು ಚೂರು ತಂದಳು. ನಮ್ಮಲ್ಲಿ ಕೌದಿಯ ಬಾಯಿ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡುವ ಪದ್ಧತಿ.

"ಅವ್ವಾ, ಬ್ಯಾಡ. ಹಾಸ್ಟೆಲಿನ್ಯಾಗ ಇಲಿ ಅವ," ಎಂದೆ.

"ಇಲಿ ಎಲ್ಲಿಲ್ಲ? ಕೌದಿ ಹೊಟ್ಟಿ ಬರೇದು ಇರಬಾರ್ದು. ಹಸ್ದ ಕೌದಿ ಹೊಚ್ಚಿಕೊಂಡ್ರ ನಿದ್ದಿ ಬರಂಗಿಲ್ಲ."

"ಹೊಚ್ಚಿಕೊಳ್ಳಾಕಿ ನಾನು, ಹಸದ್ರ ನಾ ಹಸೀತೀನಿ. ಕೌದಿ ಯಾಕ ಹಸೀತದ?"

"ಖಾಲಾ, ಕೇಳ್ರಿ ಇಕಿ ಮಾತ. ಒಂದ್ ವರ್ಷ ಹೈದರಾಬಾದಿನ ನೀರ ಕುಡದಾಳ."

"ಹಾಕಲಿ ಬಿಡು ಬೇಟಾ," ಎಂದರು ಖಾಲಾ. "ಹೈದರಾಬಾದಿನ ಇಲಿಗೋಳು ಬಿರಿಯಾನಿ ತಿನ್ನೋವು. ನಮ್ಮ ಜ್ವಾಳದ ರೊಟ್ಟಿ ಮೂಸಿ ಸೈತ ನೋಡಂಗಿಲ್ಲ."

ಅವ್ವನ ಕೈ ಹಿಡಿಯಲೆಂದು ನಾನು ಎದ್ದೆ. ಬೆಳಗಿನಿಂದ ಮೊದಲ ಸಲ ಎದ್ದದ್ದು. ರೊಟ್ಟಿ ಒಳಗೆ ಹೋಗಿಯೇ ಹೋಯಿತು, ಅವ್ವ ಅದರ ಮೇಲೆ ಹಸಿರು ಚೂರೊಂದನ್ನಿಟ್ಟು ಹೊಲಿಗೆ ಹಾಕಿಬಿಟ್ಟಳು. ಸೋತು ತಿರುಗಿದೆ. ಒಂದು ತಿಂಗಳು ಎದ್ದಾಗಲೆಲ್ಲ ಕಣ್ಣು ಎಲೆಗಳ ಮೇಲೆಯೇ ಇತ್ತು; ಈಗ ನಿಂತಲ್ಲಿಂದ ಹಾಳೆ ಇಡಿಯಾಗಿ ಕಂಡಿತು.

ಎಲೆಗಳು ಸುತ್ತಿ ಸುತ್ತಿ ಒಳಗೆ ಬಂದಿದ್ದವು. ಒಂದು ಸಾಲೂ ಕೆಟ್ಟಿರಲಿಲ್ಲ. ನಡುವಿನಲ್ಲಿ ಮಾತ್ರ ಕಾಗದ ಸತ್ತುಹೋಗಿತ್ತು. ಒಂದು ತಿಂಗಳು ನಾನು ಕೂತ ಜಾಗ. ನನ್ನ ಭಾರಕ್ಕೆ, ಬೆವರಿಗೆ, ಕಾಲು ಬದಲಿಸಿದ ಉಜ್ಜಾಟಕ್ಕೆ ಅಲ್ಲಿ ನಾರು ಎದ್ದು, ಮಂಕಾಗಿ, ಸುಕ್ಕು ಸುಕ್ಕಾಗಿತ್ತು. ಬಾಗಿ ಕುಂಚದ ತುದಿಯಿಂದ ಒಂದು ಹನಿ ಬಣ್ಣ ಮುಟ್ಟಿಸಿದೆ. ಒರೆಸುವ ಬಟ್ಟೆಯ ಮೇಲೆ ಬಿದ್ದಂತೆ ಹನಿ ಎಲ್ಲ ಕಡೆಗೂ ಹರಿದು ಹೋಯಿತು. ಗೆರೆ ನಿಲ್ಲುವಂತಿರಲಿಲ್ಲ. ಬಟ್ಟೆಯ ಮೇಲೆ ಕೂರಬಹುದು. ಎಷ್ಟು ಕೂತರೂ ಬಟ್ಟೆ ತಾಳುತ್ತದೆ. ಕಾಗದದ ಮೇಲೆ ಕೂರಬಾರದೆಂಬುದು ನನಗೆ ತೋಚಿರಲೇ ಇಲ್ಲ. ಅಲ್ಲಿದ್ದ ಇಬ್ಬರು ಹೆಂಗಸರಿಗೂ ತೋಚಿರಲಿಲ್ಲ. ಮೂವರೂ ಹೊಲಿಯುವವರು.

"ಅಯ್ಯ ಶಿವನೇ," ಎಂದಳು ಅವ್ವ.

ಖಾಲಾ ಓಢಣಿಯ ತುದಿಯಿಂದ ಆ ಕಲೆಯನ್ನು ಒತ್ತಿ ನೋಡಿದರು, ಅದು ಬರಲಿಲ್ಲ.

ಅಪ್ಪ ಹೊರಗೆ ಬಂದು ನೋಡಿದರು. ಅವರಿಗೆ ವಿವರಿಸಬೇಕಾಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಬಹಳ ಮೆತ್ತಗೆ, "ತಂಗೀ, ಮಾಸ್ತರಕಿ ತರಗತಿ ಅಷ್ಟ ಕೆಟ್ಟದ್ದೇನು? ಇಲ್ಲೇ ಕಲಬುರಗಿಯಾಗ ಕೆಲಸ ಸಿಗ್ತದ. ನಾನರ ಇಷ್ಟ ವರ್ಷ ಏನ ಮಾಡೀನಿ?" ಎಂದರು.

"ನಿಮಗ ಮಾಸ್ತರಕಿ ಬೇಕಾಗಿತ್ತಪ್ಪಾ, ಮಾಡಿದ್ರಿ. ನನಗ ಬೇಕಾಗಿಲ್ಲ."

ಅವರಿಗೆ ನಾನು ಅಷ್ಟು ನೇರವಾಗಿ ಎದುರು ಹೇಳಿದ್ದು ಅದೇ ಮೊದಲು. ಅವ್ವ ಸೂಜಿಯನ್ನು ಕೌದಿಗೆ ಚುಚ್ಚಿ ಹಾಗೇ ಹಿಡಿದು ಕೂತಳು. ಅಪ್ಪ ನನ್ನ ಮುಖವನ್ನು ನೋಡಿದರು, ಹಾಳೆಯನ್ನು ನೋಡಿದರು, ಒಳಗೆ ಹೋದರು. ಊಟದ ಗಂಟೆ ಆಗಿತ್ತು, ಬಾರಿಸಲಿಲ್ಲ. ಒಳಗಿನಿಂದ ಪುಸ್ತಕಗಳನ್ನು ಎತ್ತಿಡುವ ಸದ್ದು ಬಂತು. ಆಮೇಲೆ ಅವರ ಓದುವ ಮೇಜು ಬಾಗಿಲಲ್ಲಿ ಕಾಣಿಸಿತು, ಅದರ ಹಿಂದೆ ಅಪ್ಪ, ಅದನ್ನು ದೂಡುತ್ತ. ಮೇಜಿನ ಮೇಲೆ ಏನೂ ಇರಲಿಲ್ಲ. ನಾನು ಬುದ್ಧಿ ತಿಳಿದಾಗಿನಿಂದ ಆ ಮೇಜನ್ನು ಖಾಲಿಯಾಗಿ ನೋಡಿರಲಿಲ್ಲ.

"ಇನ್ನರ ಕಾಗದದ ಮ್ಯಾಲ ಕೂಡಬ್ಯಾಡ. ಕುರ್ಚಿ ಮ್ಯಾಲ ಕೂಡು," ಎಂದು ಕುರ್ಚಿಯನ್ನೂ ತಂದಿಟ್ಟು ಹಿತ್ತಲಿಗೆ ಹೋದರು.

ನಾನು ಕುರ್ಚಿಯ ಮೇಲೆ ಕೂತೆ. ಹೈದರಾಬಾದಿನಿಂದ ತಂದಿದ್ದ ದಪ್ಪ ಡ್ರಾಯಿಂಗ್ ಹಾಳೆ ಒಂದೇ ಒಂದು ಉಳಿದಿತ್ತು. ಸತ್ತ ನಡುವನ್ನು ಕತ್ತರಿಸಿ ತೆಗೆದು, ಅದೇ ಆಕಾರದಲ್ಲಿ ಈ ಹಾಳೆಯ ತುಂಡನ್ನು ಅಲ್ಲಿ ಕೂರಿಸಿದರೆ? ಹರಿದ ಸೀರೆಗೆ ನಾವು ಮಾಡುವುದು ಅದನ್ನೇ. ಕಾಗದಕ್ಕೆ ಯಾಕೆ ಆಗಬಾರದು? ಆದರೆ ಮನೆಯಲ್ಲಿದ್ದದ್ದು ಅಡುಗೆಮನೆಯ ಈಳಿಗೆ ಮಾತ್ರ.

"ತಡಿ," ಎಂದು ಖಾಲಾ ಎದ್ದು ಮನೆಗೆ ಹೋದರು. ಓಢಣಿಯ ಒಳಗೆ ಅಡಗಿಸಿ ದರ್ಜಿಯ ದೊಡ್ಡ ಕತ್ತರಿ ತಂದರು. "ನಮ್ಮವರು ನಮಾಜಿಗಿ ಹೋಗ್ಯಾರ. ಬಟ್ಟಿ ಕತ್ತರಿ ಕಾಗದ ಮುಟ್ಟಿದ್ರ ಮೊಂಡ ಆಗ್ತದಂತ ನನ್ನ ಬೈದು ಬಿಡ್ತಾರ. ಜಲ್ದಿ ಮಾಡು."

"ಕೇಳಿದ್ರ ಏನಂತೀರಿ?"

"ಕತ್ತರಿಗೂ ಡಿಸೈನು ಬಂದದ ಅಂತೀನಿ."

ಕತ್ತರಿಸಿದೆ. ತೂತಿನ ಮೂಲಕ ಫರಸಿ ಕಲ್ಲು ಕಂಡಿತು. ತೆಗೆದ ತುಂಡಿನ ಬೆನ್ನಿಗೆ ನಕಾಶೆಯ ಯಾವ ಊರು ಹೋಯಿತೋ, ನಾನು ತಿರುವಿ ನೋಡಲಿಲ್ಲ. ಅದನ್ನೇ ಹೊಸ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿದೆ. ಚೌಕವೂ ಅಲ್ಲ, ದುಂಡೂ ಅಲ್ಲ, ಒಂದು ಮಗ್ಗುಲು ಉಬ್ಬಿದ ಆಕಾರ. ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದೆ, ಎಂದಿನಂತೆ. ಕೈ ಅಂಚಿಗೆ ಹೊರಟಿತು, ಎಂದಿನಂತೆ. ಹೋಗಿ ನಿಂತುಬಿಟ್ಟಿತು. ಈ ತುಂಡಿಗೆ ತನ್ನದೆನ್ನುವ ಅಂಚೇ ಇರಲಿಲ್ಲ. ಅದರ ಅಂಚು ಆಗಲೇ ಬರೆದು ಮುಗಿದು ಪಡಸಾಲೆಯ ನೆಲದ ಮೇಲೆ ಬಿದ್ದಿತ್ತು. ಶುರು ಮಾಡಲು ಗೆರೆಗಳು ಕೂಡಿದ ಆ ಒಂದು ಚುಕ್ಕೆ ಬಿಟ್ಟರೆ ಬೇರೆ ಜಾಗ ಇರಲಿಲ್ಲ.

ಒಂದು ವರ್ಷದಲ್ಲಿ ನನಗೆ ಯಾರೂ ಕಲಿಸಲಾಗದ್ದು ಅದು. ಚುಕ್ಕೆಯ ಮೇಲೆ ಕುಂಚ ಇಟ್ಟೆ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಪಲ್ಯಕ್ಕೆ ಬಾಳೆದಿಂಡು ಹೆಚ್ಚುತ್ತಿದ್ದಳು. ಈಳಿಗೆಯಿಂದ ಬಿಲ್ಲೆ ಬಿಲ್ಲೆಯಾಗಿ ತಟ್ಟೆಗೆ ಬೀಳುತ್ತಿತ್ತು. ಒಂದು ಬಿಲ್ಲೆಯಲ್ಲಿ ಒಳಗೆ ಒಂದು ಬಿಳಿಯ ಸುರುಳಿ, ಅದನ್ನು ತಬ್ಬಿದ ಇನ್ನೊಂದು, ಅದನ್ನು ತಬ್ಬಿದ ಮತ್ತೊಂದು, ನಡುನಡುವೆ ಜೇಡರ ಬಲೆಯಂಥ ನಾರು. ಎಷ್ಟೋ ಸಲ ತಿಂದಿದ್ದೆ, ನೋಡಿರಲಿಲ್ಲ. ಅದನ್ನೇ ಬರೆಯತೊಡಗಿದೆ. ಸುರುಳಿ ಸುರುಳಿಯಾಗಿ ಅದು ತಾನೇ ಹೊರಕ್ಕೆ ಬಂತು. ಅಂಚಿನ ಹಿಂದೆ ಹೋಗುವಾಗ ನಾನು ಎಲ್ಲಿಗೋ ಕರೆದೊಯ್ಯುವ ದಾರಿಯಲ್ಲಿ ನಡೆಯುತ್ತಿರುತ್ತಿದ್ದೆ. ಇಲ್ಲಿ ಹಾಗಲ್ಲ. ನಾನು ಕದಲದೆ ಕೂತಿದ್ದೆ, ದಾರಿಗಳು ನನ್ನಿಂದ ಹೊರಟು ಹೋಗುತ್ತಿದ್ದವು. ಕೆರೆಗೆ ಕಲ್ಲು ಹಾಕಿದವರು ದಡದಲ್ಲಿ ನಿಂತಿರುತ್ತಾರೆ. ನಾನು ಆ ಕಲ್ಲಿನಲ್ಲೇ ಇದ್ದಂತಿತ್ತು. ಅವ್ವ ಊಟದ ತಟ್ಟೆ ತಂದಿಟ್ಟದ್ದು, ಅದು ಆರಿದ್ದು, ಅವಳೇ ರೊಟ್ಟಿ ಮುರಿದು ತುತ್ತು ಮಾಡಿ ನನ್ನ ಬಾಯಿಗೆ ಕೊಟ್ಟದ್ದು, ಇವೆಲ್ಲ ಬೇರೆ ಯಾರಿಗೋ ನಡೆದಂತೆ ನೆನಪಿದೆ.

ಬಿಸಿಲು ಇಳಿದ ಮೇಲೆ ತುಂಡನ್ನು ತೂತಿನಲ್ಲಿ ಕೂರಿಸಿ, ಹಿಂದಿನಿಂದ ಪಟ್ಟಿ ಅಂಟಿಸಿದೆ. ಹೊರಗಿನಿಂದ ಬಂದ ಎಲೆಗಳೂ ಒಳಗಿನಿಂದ ಬಂದ ಸುರುಳಿಗಳೂ ಬಹುಪಾಲು ಕೂಡಿದವು. ಉಬ್ಬಿದ ಮಗ್ಗುಲಲ್ಲಿ ಕೂಡಲಿಲ್ಲ. ಅಲ್ಲಿ ಕೂದಲೆಳೆಯ ಸೀಳು ಉಳಿಯಿತು. ಬಣ್ಣ ತುಂಬಿ ಮುಚ್ಚೋಣವೆಂದರೆ ಎರಡು ಕಾಗದಗಳ ಬಿಳುಪು ಬೇರೆ ಬೇರೆ, ಎಷ್ಟು ಮುಚ್ಚಿದರೂ ಕಾಣುತ್ತದೆ. ಮುಚ್ಚುವ ಆಸೆ ಬಿಟ್ಟೆ. ಸೀಳಿನ ಉದ್ದಕ್ಕೂ, ಕೂಡಿದ ಕಡೆಯೂ ಕೂಡದ ಕಡೆಯೂ, ಕೆಂಪು ಬಾಳೆಯ ಸಿಪ್ಪೆಯ ಬಣ್ಣದಲ್ಲಿ ಸಣ್ಣ ಸಣ್ಣ ಗೀರು ಹಾಕುತ್ತ ಹೋದೆ, ಹೊಲಿಗೆ ಹಾಕಿದಂತೆ. ಹಾಕುತ್ತ ಹಾಕುತ್ತ ನಡುವಿನ ಸುತ್ತ ಒಂದು ಕೆಂಪು ದಾರ ಹರಿಯಿತು.

ಸೋಮವಾರ ಹೈದರಾಬಾದಿನಲ್ಲಿ ಮುಖ್ಯಸ್ಥರು ಆ ಹಾಳೆಯ ಮುಂದೆ ಮೊಣಕಾಲೂರಿ ಕೂತರು. ಕನ್ನಡಕ ಹಣೆಗೇರಿಸಿ, ಆ ಕೆಂಪು ಗೀರುಗಳ ಮೇಲೆ ಉಗುರು ಆಡಿಸುತ್ತ ಪೂರ್ತಿ ಒಂದು ಸುತ್ತು ಬಂದರು. ತೇಪೆ ಹಾಕಿದ್ದು ಅವರಿಗೆ ತಿಳಿಯಿತು. ಯಾವುದು ಆಮೇಲೆ ಬರೆದದ್ದು ಎಂದು ಕೇಳಿದರು. ನಡು, ಎಂದೆ. ಎದ್ದು ಮೊಣಕಾಲು ಜಾಡಿಸಿಕೊಂಡು, "ದೂಸ್ರೇ ಸಾಲ್ ಕೀ ಕ್ಲಾಸ್ ಊಪರ್ ಹೈ, ಬೀಬಿ," ಎಂದರು. ಎರಡನೆಯ ವರ್ಷದವರು ಮಹಡಿಯ ಮೇಲೆ ಕೂರುತ್ತಾರೆ. ಮಹಡಿಯ ಮೇಲೆ ನಾನು ಮತ್ತೆ ನಾಲ್ಕು ವರ್ಷ ಕೂತೆ. ಅಚ್ಚು ಕೆತ್ತುವುದು, ಬಣ್ಣ ಕುದಿಸುವುದು, ಮಗ್ಗಕ್ಕೆಂದು ಚೌಕಳಿ ಕಾಗದದ ಮೇಲೆ ವಿನ್ಯಾಸ ಬರೆಯುವುದು ಎಲ್ಲವನ್ನೂ ಕಲಿತೆ. ನಾವು ಕಲಿತು ಹೊರಬೀಳುವಷ್ಟರಲ್ಲಿ ಹೈದರಾಬಾದ್ ರಾಜ್ಯವೇ ಇಲ್ಲವಾಗಿ, ಕಲಬುರಗಿ ಬೇರೊಂದು ರಾಜ್ಯಕ್ಕೆ ಸೇರಿತ್ತು. ಬೇಕೆಂದಾಗ ಅಂಚಿನಿಂದ, ಬೇಕೆಂದಾಗ ನಡುವಿನಿಂದ ಶುರು ಮಾಡುವುದು ನನಗೆ ಆಗ ರೂಢಿಯಾಗಿತ್ತು.

ಆ ಶುಕ್ರವಾರ ಇದಾವುದೂ ತಿಳಿದಿರಲಿಲ್ಲ. ಮಬ್ಬು ಕವಿಯುತ್ತಿತ್ತು. ಅವ್ವ ಕಂದೀಲಿನ ಗಾಜು ಒರೆಸುತ್ತಿದ್ದಳು. ಖಾಲಾ ಕತ್ತರಿಯೊಂದಿಗೆ ಆಗಲೇ ಮನೆ ಸೇರಿದ್ದರು. ಎದುರುಮನೆಯಿಂದ ಬೈಗುಳ ಕೇಳಿಬರಲಿಲ್ಲ, ಮಷೀನಿನ ಸದ್ದು ಮಾತ್ರ ಬರುತ್ತಿತ್ತು. ಅಪ್ಪ ಕಂಬಕ್ಕೆ ಒರಗಿ, ಅವಸರ ಮಾಡದೆ, ನನ್ನ ಕುಂಚವನ್ನು ನೋಡುತ್ತ ನಿಂತಿದ್ದರು. ಕೊನೆಯ ಗೀರು ಮೊದಲಿನ ಗೀರನ್ನು ಮುಟ್ಟಿತು.

"ಆತೇನ?" ಎಂದರು ಅಪ್ಪ.

"ಆತ್ರಿ."

ಬಣ್ಣ ಒಣಗಿತೆಂದು ಬೆರಳಿನ ಬೆನ್ನಿನಿಂದ ನೋಡಿಕೊಂಡೆ. ಅಪ್ಪ ಒಂದು ತುದಿ ಹಿಡಿದರು, ನಾನು ಒಂದು ತುದಿ. ಮಡಿಕೆ ಬೀಳದಂತೆ ಸುತ್ತಿ, ಅವರ ಹಳೆಯ ಧೋತರದಲ್ಲಿ ಇಟ್ಟು, ಎರಡು ಕಡೆ ಬಾಳೆನಾರಿನಿಂದ ಕಟ್ಟಿದೆವು. ಅವರು ಅದನ್ನು ಗೋಡೆಗೆ ಆನಿಸದೆ, ಇರುವೆ ಹತ್ತದ ಹಾಗೆ ಗೂಟಕ್ಕೆ ತೂಗುಹಾಕಿದರು. ನಾನು ಹಿತ್ತಲಿಗೆ ಹೋಗಿ ಕುಂಚಗಳನ್ನು ತೊಳೆದೆ. ನೀರು ತಿಳಿಯಾಗುವವರೆಗೆ ತೊಳೆದು, ಕೂದಲು ನೇರ ಮಾಡಿ, ಬಟ್ಟಲನ್ನು ಬೋರಲು ಹಾಕಿ ಒಳಗೆ ಬಂದೆ.